ಹೆಸರು ಹಿಡಿದು ಕರೆಯಬಾರದು

ಮಗುವಿಗೆ ಹೆಸರಿಡುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮ ಮಗಳ ಹೆಸರು ಅವಳು ಹುಟ್ಟುವುದಕ್ಕೆ ಮೊದಲೇ ತೀರ್ಮಾನವಾಗಿತ್ತು. ಹೆಂಡತಿಯೊಂದಿಗೆ ವಾದವಿಲ್ಲ, ಊರಿನಿಂದ ನಕ್ಷತ್ರದ ಅಕ್ಷರ ತರಿಸುವ ತಾಪತ್ರಯವಿಲ್ಲ. ಸುಸೂತ್ರವಾಗಿ ನಡೆಯುವ ಯಾವ ಕೆಲಸವನ್ನೂ ಅನುಮಾನದಿಂದ ನೋಡುವುದು ನನ್ನ ಸ್ವಭಾವ. ಆ ಒಂದು ಸಲ ನೋಡಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೆಲ್ಬರ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಒಬ್ಬ ಐರಿಷ್ ವಿಧವೆಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನನ್ನ ಹೆಂಡತಿ ಶೈಲಾ ಮೊದಲ ಗರ್ಭ ಕಳೆದುಕೊಂಡು ಮಲಗಿದಾಗ ತಾಯಿಯ ಹಾಗೆ ನೋಡಿಕೊಂಡವರು ಅವರೇ. ಮಾಂಸ ತಿನ್ನದ ನಮಗಾಗಿ ಆಲೂಗಡ್ಡೆಯಿಂದ ಮಾಡಬಹುದಾದದ್ದನ್ನೆಲ್ಲ ಮಾಡಿ ಬಡಿಸಿದರು. ಮಾಡಬಾರದ್ದನ್ನೂ ಒಂದೆರಡು ಮಾಡಿದರು. "ಹೆಣ್ಣು ಹುಟ್ಟಿದ್ರೆ ಆಂಟಿ ಹೆಸರೇ ಇಡೋದು," ಎಂದು ಶೈಲಾ ಅಂದೇ ಹೇಳಿದಳು. ಕೆಲಸ ಸಿಕ್ಕಿ ಸಿಡ್ನಿಗೆ ಬಂದ ಮೇಲೆ ಹೆಣ್ಣೇ ಹುಟ್ಟಿತು. ನಾಮಕರಣಕ್ಕೆ ಆಂಟಿಯನ್ನು ಕರೆದೆವು.

ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದ ಅಮ್ಮ ಮಗುವಿಗೆ ಎಣ್ಣೆ ತಿಕ್ಕುತ್ತಾ ಕೇಳಿದರು: "ಅಲ್ವೋ, ಆಯಮ್ಮನ ಹೆಸರೇನು?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

"ಶೈಲಾ, ಆಂಟಿ ಹೆಸರೇನು?"

"ಆಂಟಿ."

"ಅದಲ್ಲ ಮಾರಾಯ್ತಿ, ಹೆಸರು."

"ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ ಕಣ್ರೀ. ಪಿಎಚ್‌ಡಿ ಮಾಡಿದ್ದು ನೀವಲ್ವಾ?"

ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ಒಂದೇ ಸೂರಿನಡಿ ವರ್ಷಗಟ್ಟಲೆ ಇದ್ದರೂ ನಮ್ಮ ಬಾಯಿಂದ ಬಂದದ್ದು 'ಆಂಟಿ' ಮಾತ್ರ. ಅವರು ಕಳಿಸುತ್ತಿದ್ದ ಕ್ರಿಸ್‌ಮಸ್ ಕಾರ್ಡಿನಲ್ಲಿ ಹೆಸರಿತ್ತು: ಸಿ, ಎ, ಓ, ಐ, ಎಂ, ಎಚ್, ಇ. ಐರಿಷ್ ಹೆಸರುಗಳನ್ನು ಬರೆದ ಹಾಗೆ ಓದುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ. ಆದರೂ ಅಕ್ಷರಗಳನ್ನು ಜೋಡಿಸಿ ಅಮ್ಮನಿಗೆ ಓದಿ ಹೇಳಿದೆ.

"ಕಾಯಮ್ಮ ಇರಬೇಕು," ಎಂದರು ಅಮ್ಮ. "ನಂಜನಗೂಡಲ್ಲಿ ಒಬ್ಬಳಿದ್ಲು."

ಆಂಟಿಯ ತಂಗಿ ಒಮ್ಮೆ ಐರ್ಲೆಂಡಿನಿಂದ ಬಂದಿದ್ದಾಗ ಅಡುಗೆಮನೆಯಿಂದ ಅಕ್ಕನನ್ನು ಕೂಗಿದ್ದು ನನಗೆ ನೆನಪಿತ್ತು. 'ಕೀವಾ' ಎಂದು ಕೂಗಿದ್ದರು, ಸಂದೇಹವೇ ಇಲ್ಲ. ಮರುದಿನ ಹಲ್ಲುಜ್ಜುವಾಗ ಅದು 'ಕ್ವೀವಾ' ಆಗಿತ್ತು. ಅದರಲ್ಲೂ ಸಂದೇಹವಿರಲಿಲ್ಲ. ಸಂಜೆಯ ಹೊತ್ತಿಗೆ, ತಂಗಿ ಬಂದದ್ದೇ ನಿಜವೋ ಅಲ್ಲವೋ ಎಂಬ ಹಂತಕ್ಕೆ ತಲುಪಿದ್ದೆ.

ಚಾಟ್ಸ್‌ವುಡ್‌ನ ನನ್ನ ಆಫೀಸಿನಲ್ಲಿ ಇಬ್ಬರು ಐರಿಷರಿದ್ದರು. ಕಾಗದದ ಮೇಲೆ ಹೆಸರು ಬರೆದು ತೋರಿಸಿದೆ. ಉತ್ತರದವನು ಕೀವಾ ಎಂದ, ದಕ್ಷಿಣದವನು ಕ್ವೀವಾ ಎಂದ. ಧಾರವಾಡದವರೂ ಮೈಸೂರಿನವರೂ ಯಾರ ಕನ್ನಡ ಶುದ್ಧವೆಂದು ಕಿತ್ತಾಡುವ ಹಾಗೆ ಅವರು ಕಿತ್ತಾಡಿದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, "ಆಕೆ ಯಾವ ಕಡೆಯವಳು?" ಎಂದರು. ಅದೂ ನನಗೆ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಲಂಚ್‌ಗೆ ಹೋಗುವುದನ್ನು ಬಿಟ್ಟರು.

ಕೊನೆಗೆ ಆಂಟಿಗೇ ಫೋನ್ ಮಾಡಿದೆ. "ಆಂಟಿ, ನಿಮ್ಮನ್ನು ಬ್ಯಾಂಕಿನಲ್ಲಿ ಹೇಗೆ ಕರೀತಾರೆ?"

"ಕರೆಯೋಲ್ಲ. ನಂಬರ್ ಕೊಟ್ಟು ಕೂರಿಸ್ತಾರೆ," ಎಂದರು. ಆಮೇಲೆ, "ಗಂಡ ಹೋದ. ಈಗ ತಂಗಿಯೂ ಹೋದಳು. ನನ್ನ ಹೆಸರು ಹೇಳುವವರು ಯಾರೂ ಉಳಿದಿಲ್ಲ. ನೀನು ಮಗುವಿನ ಕಿವಿಯಲ್ಲಿ ಹೇಳ್ತೀಯಲ್ಲ, ಅದನ್ನು ಕೇಳೋದಕ್ಕೆ ಬರ್ತಿದೀನಿ," ಎಂದರು.

ಇನ್ನು ಕೇಳುವುದು ಹೇಗೆ? ಫೋನಿಟ್ಟೆ.

ನಾಮಕರಣದ ದಿನ ಬ್ಲ್ಯಾಕ್‌ಟೌನಿನ ನಮ್ಮ ಮನೆಯ ಹಾಲಿನಲ್ಲಿ ಆಂಟಿ ಶೈಲಾಳ ರೇಷ್ಮೆ ಸೀರೆಯುಟ್ಟು ಅಲುಗಾಡದೆ ಕುಳಿತಿದ್ದರು. ಅಲುಗಾಡಿದರೆ ಬಿಚ್ಚಿಹೋಗುತ್ತದೆಂದು ಅಮ್ಮ ಸನ್ನೆಯಲ್ಲೇ ಹೆದರಿಸಿದ್ದರು. ಪುರೋಹಿತರು ನಿವೃತ್ತ ಎಂಜಿನಿಯರ್. ತಟ್ಟೆಯಲ್ಲಿ ಅಕ್ಕಿ ಹರಡಿ, "ಹೆಸರು ಬರೀರಿ ಸಾರ್, ಕನ್ನಡದಲ್ಲಿ," ಎಂದರು. ಇಂಗ್ಲಿಷಿನ ಅಕ್ಷರಗಳ ಹಿಂದೆ ಅವಿತುಕೊಳ್ಳಬಹುದಿತ್ತು, ಕನ್ನಡದಲ್ಲಿ ಜಾಗವಿಲ್ಲ. ಬೆರಳಿನಿಂದ 'ಕ' ಬರೆದು ನಿಲ್ಲಿಸಿದೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಇಂಥವು ಹೊಳೆಯುವುದಕ್ಕಾಗಿಯೇ ಸರಕಾರ ನಮ್ಮನ್ನು ಓದಿಸುವುದು.

"ಆಂಟಿ, ಯಾರ ಹೆಸರಿಡುತ್ತೇವೋ ಅವರೇ ಮೊದಲು ಮಗುವಿನ ಕಿವಿಯಲ್ಲಿ ಹೇಳಬೇಕು. ಅದು ನಮ್ಮ ಶಾಸ್ತ್ರ," ಎಂದೆ.

ಪುರೋಹಿತರು ಕನ್ನಡಕದ ಮೇಲಿಂದ ನೋಡಿದರು. "ಯಾವ ಶಾಸ್ತ್ರ ಸಾರ್?"

"ನಮ್ಮ ಮನೆತನದ್ದು."

ಆಂಟಿ ಸೆರಗು ಹಿಡಿದುಕೊಂಡು ನಿಧಾನವಾಗಿ ಬಾಗಿದರು. ನಾನೂ ಬಾಗಿದೆ. ಅವರ ತುಟಿ ಅಲುಗಿತು. ಕಿವಿಯಲ್ಲಿ ಹೇಳಬೇಕೆಂದು ನಾನೇ ಹೇಳಿದ್ದೆನಲ್ಲ, ಹಾಗೇ ಹೇಳಿದರು. ಕೇಳಿಸಿದ್ದು ಮಗುವಿಗೆ ಮಾತ್ರ.

"ಈಗ ನೀವು," ಎಂದರು ಪುರೋಹಿತರು.

"ಆಂಟಿ, ಇನ್ನೊಂದು ಸಲ, ಸ್ವಲ್ಪ ಜೋರಾಗಿ..."

ಆಂಟಿ ತಟ್ಟೆಯಲ್ಲಿದ್ದ ಒಂಟಿ ಅಕ್ಷರವನ್ನು ನೋಡಿದರು. ನನ್ನ ಮುಖ ನೋಡಿದರು. "ನನ್ನ ಹೆಸರು ನಿನಗೆ ಗೊತ್ತಿಲ್ಲ, ಅಲ್ವಾ?"

ಶೈಲಾ ನೆಲ ನೋಡಿದಳು. ಇಂಗ್ಲಿಷ್ ಬಾರದ ಅಮ್ಮನಿಗೆ ಮಾತ್ರ ಎಲ್ಲವೂ ಅರ್ಥವಾಯಿತು. "ಹೇಳೋ ಅವರಿಗೆ. ದೊಡ್ಡೋರನ್ನ ಹೆಸರು ಹಿಡಿದು ಕರೆಯೋ ಹಾಗೆ ನಾನು ಮಗನ್ನ ಬೆಳೆಸಿಲ್ಲ ಅಂತ."

ಹೇಳಿದೆ. ಆಂಟಿ ಅಮ್ಮನ ಕಡೆ ತಿರುಗಿದರು.

"ಅಂದರೆ, ಅದು ಮರ್ಯಾದೆಯಾ?"

"ಹೌದು ಆಂಟಿ."

"ಬಹಳ ಸುಸ್ತು ಮಾಡಿಸೋ ಮರ್ಯಾದೆಯಪ್ಪಾ," ಎಂದು ಆಂಟಿ ನಕ್ಕರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಇಡೀ ಹಾಲಿಗೆ ಕೇಳುವಂತೆ ಹೇಳಿದರು: "ಕ್ವೀವಾ."

ಬರೆದೆ. ಮಗುವಿನ ಕಿವಿಯಲ್ಲಿ ಹೇಳಿದೆ. ಅಮ್ಮ ಹೇಳಿದರು, ಶೈಲಾ ಹೇಳಿದಳು, ಬಂದವರೆಲ್ಲ ಸಾಲಾಗಿ ಹೇಳಿದರು. ಆಂಟಿ ಕಣ್ಣು ಮುಚ್ಚಿಕೊಂಡು ಪ್ರತಿಯೊಬ್ಬರದ್ದನ್ನೂ ಕೇಳಿಸಿಕೊಂಡರು. ಸೀರೆ ಬಿಚ್ಚಿಹೋದದ್ದು ಅವರಿಗೆ ತಿಳಿಯಲೇ ಇಲ್ಲ. ಅಮ್ಮ ಎದ್ದು ಮತ್ತೆ ಉಡಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮ್ಮ ಊರಿಗೆ ಹೊರಡುವ ಮುಂಚೆ ಒಂದು ಕಟ್ಟಪ್ಪಣೆ ಮಾಡಿದರು: "ದೊಡ್ಡೋರ ಹೆಸರು ಇಟ್ಟಿದೀರ. ಆ ಹೆಸರು ಹಿಡಿದು ಮಗೂನ ಬೈಯೋದು, ಕೂಗೋದು ಮಾಡಬೇಡಿ." ಹೀಗಾಗಿ ಮನೆಯಲ್ಲಿ ಅವಳು ಪುಟ್ಟಿಯಾದಳು.

ಮೊನ್ನೆ ಅವಳ ಶಾಲೆಯ ಹೊಸ ಟೀಚರ್ ಫೋನ್ ಮಾಡಿದ್ದರು. ನಿಮ್ಮ ಮಗಳ ಹೆಸರನ್ನು ತಪ್ಪಾಗಿ ಹೇಳಿ ನೋಯಿಸಲು ಇಷ್ಟವಿಲ್ಲ, ಸರಿಯಾಗಿ ಹೇಗೆ ಹೇಳಬೇಕು ಎಂದು ಬಹಳ ಸೌಜನ್ಯದಿಂದ ಕೇಳಿದರು. ನಾನು ಬಾಯಿ ತೆರೆದೆ. ಕೀವಾ, ಕ್ವೀವಾ ಎರಡೂ ಒಟ್ಟಿಗೆ ಬಂದು ನಾಲಿಗೆಯ ಮೇಲೆ ನಿಂತವು. ಎರಡರಲ್ಲೂ ಸಂದೇಹವಿರಲಿಲ್ಲ.

"ಪುಟ್ಟಿ ಅನ್ನಿ," ಎಂದೆ.