ಹದಿನೆಂಟು ತುಂಬದವರಿಗೆ ಬಂದೂಕಿನ ಆಟವಿಲ್ಲ

ವಿಡಿಯೋ ಗೇಮ್ ಮಾರುವ ಹೆಂಗಸಿಗೆ ಬುದ್ಧಿ ಹೇಳಲು ಕಾಡಂಚಿನ ಗುಂಡ್ಲುಪೇಟೆಯಲ್ಲಿ ವಾರಕ್ಕೊಬ್ಬರಾದರೂ ಹುಟ್ಟಿಕೊಳ್ಳುತ್ತಾರೆ. ನಗಲು ನಾನು ಬೇರೆ ಕಡೆ ಹೋಗಬೇಕಾಗಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಗೇಮ್ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ ಕಲಿತೆ. ಯಾರ ಹಂಗೂ ಇಲ್ಲದೆ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟೆ.

ಅಜ್ಜಿಯ ಒಪ್ಪಿಗೆ

ಡಬ್ಬಿಯ ಮೇಲೆ ಹದಿನೆಂಟು ಅಂತ ಇದ್ದರೆ ನಾನು ಮಕ್ಕಳಿಗೆ ಕೊಡುವುದಿಲ್ಲ. ಮನೆಯ ಹಿರಿಯರು ಬಂದು, ನೋಡಿ ಒಪ್ಪಬೇಕು. ಇದು ಸರ್ಕಾರದ ಕಾನೂನಲ್ಲ, ನನ್ನದು. ತೆರಕಣಾಂಬಿಯ ಒಬ್ಬ ಹುಡುಗ ಅಜ್ಜಿಯನ್ನೇ ಬಸ್ಸು ಹತ್ತಿಸಿಕೊಂಡು ಬಂದ. ಆಟ ಹಾಕಿ ತೋರಿಸಿದೆ. ಮೊಮ್ಮಗ ಪರದೆಯ ಮೇಲೆ ಬಂದೂಕು ಹಿಡಿದು ಓಡತೊಡಗಿದ. ಅಜ್ಜಿ ಸೆರಗು ಸೊಂಟಕ್ಕೆ ಸಿಗಿಸಿತು.

"ಗ್ವಾಡೆ ಹಿಂದ್ಗಡೆ ಅವ್ನೆ ಕಣ್ಲಾ! ಬುಡಬ್ಯಾಡ, ಹೊಡೀಲಾ!"

ಕೂಗು ಇಡೀ ಬೀದಿಗೆ ಕೇಳಿತು. ಆಟ ಮುಗಿದ ಮೇಲೆ, "ಒಪ್ಪಿಗೆನಾ ಅಜ್ಜಿ?" ಅಂದೆ.

"ಇವ್ನಿಗೆ ಬ್ಯಾಡ ಕಣವ್ವ, ಇನ್ನೂ ಹಸುಮಗ. ನಂಗೆ ಕೊಡು."

ವಕೀಲರ ಧೈರ್ಯ

ಆ ಕೂಗು ಕೇಳಿದ ಬೀದಿಯವರು ನಿವೃತ್ತ ಮೇಷ್ಟ್ರೊಬ್ಬರನ್ನು ಮುಂದಿಟ್ಟುಕೊಂಡು ಬಂದರು. "ಬಂದೂಕಿನ ಆಟ ಎಲ್ಲಾ ತೆಗೀರಿ, ಇಲ್ಲಾಂದ್ರೆ ಅಂಗಡಿ ಮುಚ್ಚಿಸ್ತೀವಿ." ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ನಾನು ಜಗ್ಗಲಿಲ್ಲ. ಚಾಮರಾಜನಗರಕ್ಕೆ ಹೋಗಿ ವಕೀಲರ ಮುಂದೆ ಕೂತೆ.

"ಸಾರ್, ಪುಸ್ತಕದಲ್ಲಿ ಕೊಲೆ ಬರೆದ್ರೆ ಮಾರಬಹುದು, ಆಟದಲ್ಲಿ ತೋರ್ಸಿದ್ರೆ ತಪ್ಪಾ?"

ವಕೀಲರಿಗೆ ಹುರುಪು ಬಂತು. "ಅಮೆರಿಕದ ದೊಡ್ಡ ಕೋರ್ಟೇ ಆಟಕ್ಕೂ ವಾಕ್ ಸ್ವಾತಂತ್ರ್ಯ ಉಂಟು ಅಂದಿದೆ! ನಮ್ಮಲ್ಲೂ ಸಂವಿಧಾನ ಇದೆ. ಬೀದಿಯೋರು ಹೇಳಿದ್ರು ಅಂತ ಮುಚ್ಚೋಕಾಗುತ್ತಾ? ಹೋರಾಡಿ!" ಎಂದು ಮೇಜು ಕುಟ್ಟಿದರು.

ಎದೆಯುಬ್ಬಿಸಿಕೊಂಡು ಹೊರಟೆ. ಬಾಗಿಲವರೆಗೆ ಹಿಂದೆಯೇ ಬಂದ ವಕೀಲರು ದನಿ ತಗ್ಗಿಸಿದರು. "ಅಮ್ಮಾ, ನನ್ನ ಮಗ ಏನಾದ್ರೂ ಆ ಕಡೆ ಬಂದ್ರೆ ಮಾತ್ರ ಏನೂ ಕೊಡಬೇಡಿ. ಪರೀಕ್ಷೆ ಹತ್ರ ಬಂತು."

ಬೀದಿಯ ತೀರ್ಪು

"ನೋಡದೆ ಬೇಡ ಅನ್ನೋದು ಯಾವ ನ್ಯಾಯ? ಎಲ್ಲಾ ಬನ್ನಿ, ನೋಡಿ" ಎಂದು ಬೀದಿಯವರೆದುರು ಹಟ ಹಿಡಿದೆ. ಮೇಷ್ಟ್ರು ಒಪ್ಪದ ಆಟ ಕಪಾಟಿನಿಂದ ಇಳಿಯಬೇಕು ಎಂದು ಮಾತಾಯಿತು. ಭಾನುವಾರ ಅಂಗಡಿ ತುಂಬ ಜನ.

ಮೊದಲು ಯುದ್ಧದ ಆಟ ಹಾಕಿದೆ. ಸೈನಿಕರು ಸಾಲುಸಾಲಾಗಿ ಬಿದ್ದರು, ಸೇತುವೆ ಹಾರಿಹೋಯಿತು, ಒಂದು ಊರೇ ಉರಿಯಿತು. ಮೇಷ್ಟ್ರು ಬೋಂಡ ತಿನ್ನುತ್ತಲೇ ಇದ್ದರು.

ಆಮೇಲೆ ಬೇಟೆಯ ಆಟ. ಪೊದೆಯಿಂದ ಒಂದು ಜಿಂಕೆ ಬಂತು. ಗುಂಡು ಹಾರಿತು. ಜಿಂಕೆ ಬಿತ್ತು.

ಇಡೀ ಅಂಗಡಿ ಎದ್ದು ನಿಂತಿತು. "ಅಯ್ಯಯ್ಯೋ, ಜಿಂಕೆ ಕಣ್ರೀ!" ಒಬ್ಬಾಕೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಇನ್ನೊಬ್ಬ ಓಡಿಹೋಗಿ ಶಟರ್ ಎಳೆದ. "ಫಾರೆಸ್ಟ್‌ನೋರು ಯಾರಾದ್ರೂ ನೋಡ್ಬುಟ್ರೆ ನಾವೆಲ್ಲಾ ಕೋರ್ಟಿಗೆ ಅಲೀಬೇಕು ಕಣ್ಲಾ!"

ಕತ್ತಲಲ್ಲಿ ಮೇಷ್ಟ್ರ ತೀರ್ಪು ಕೇಳಿಸಿತು. "ಸೈನಿಕರು ಎಷ್ಟು ಜನ ಬೇಕಾದ್ರೂ ಸಾಯ್ಲಿ ತಾಯಿ, ಅದು ಆಟ. ಜಿಂಕೆ ಡಬ್ಬಿ ಮಾತ್ರ ಇವತ್ತೇ ಇಳಿಸ್ಬುಡಿ. ಅದು ಕೇಸು!"