ಪರದೆಯ ಹಿಂದಿನ ನಾಯಕ

ನಾಯಕರನ್ನು ತಯಾರಿಸುವುದು ನನಗೆ ಹೊಸದಲ್ಲ. ಉಗರಗೋಳದಲ್ಲಿದ್ದಾಗ ಊರ ನಾಟಕಗಳಿಗೆಲ್ಲ ನಾನೇ ಪ್ರಾಂಪ್ಟರ್. ಪರದೆಯ ಹಿಂದೆ ನಾನು ಪಿಸುಗುಟ್ಟಿದರೆ ಮುಂದೆ ರಾಜರು ಗರ್ಜಿಸುತ್ತಿದ್ದರು! ಹಾಗಾಗಿ ಆ ರವಿವಾರ ಬೆಳಿಗ್ಗೆ, ಆರನೇ ತರಗತಿಯ ನನ್ನ ಮಗಳು ಸಪ್ನಾ, “ಅಪ್ಪಾ, ನಾಳೆ ವರ್ಗದಾಗ ನಾಯಕನ ಗುಣಗಳ ಮ್ಯಾಲ ಭಾಷಣ ಮಾಡಬೇಕು” ಎಂದಾಗ ಅಂಗಿಯ ತೋಳು ಮಡಿಚಿದೆ. ಬೈಲಹೊಂಗಲದ ಅವಳ ಶಾಲೆಯ ಬೆಂಚುಗಳೆಲ್ಲ ನಡುಗಬೇಕು, ಅಂಥ ಭಾಷಣ ಕಲಿಸುತ್ತೇನೆಂದು ಪಣ ತೊಟ್ಟೆ.

“ಮದಲ ನಳಾ ನೋಡ್ರಿ. ಟಾಕಿ ತುಂಬಿದ ಕೂಡ್ಲೆ ಬಂದ್ ಮಾಡ್ರಿ” ಎಂದಳು ಹೆಂಡತಿ ಯಶೋಧಾ. ವಾರಕ್ಕೊಮ್ಮೆ ಬರುವ ನೀರು.

“ನಾಯಕನ್ನ ತಯಾರ್ ಮಾಡೂಮುಂದ ನಳದ ಮಾತ್ಯಾಕ?”

ಭಾಷಣದ ಕಿರೀಟದಂಥ ಸಾಲೊಂದಿತ್ತು: ‘ನಾಯಕನಾದವನು ಎಂದೂ ಅಡಗಿ ಕೂರುವುದಿಲ್ಲ, ಎದೆಯೊಡ್ಡಿ ಮುಂದೆ ಬರುತ್ತಾನೆ.’ ಸಪ್ನಾ ‘ನಾಯಕನಾದವನು’ ಎಂದು ನಿಂತುಬಿಡುವಳು. ಉಳಿದುದನ್ನು ನಾನು ಎತ್ತಿಕೊಡುವೆನು. ನನ್ನ ದನಿ ಏರಿದಂತೆ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ನೀರೂ ಏರಿತು. ಟಾಕಿ ಉಕ್ಕಿ, ಗೋಡೆ ದಾಟಿ, ಪಕ್ಕದ ಕರೆವ್ವನ ಅಂಗಳಕ್ಕೆ ಜಲಪಾತವಾಗಿ ಧುಮುಕಿತು. ಅಲ್ಲಿ ಹೊರಸಿನ ಮೇಲೆ, ಬಸುರಿ ಮಗಳ ಕುಬಸದ ಊಟಕ್ಕೆಂದು ಅವಳು ಒಣಹಾಕಿದ್ದ ಶಾವಿಗೆ!

“ಯಾವ ಭಾಡ್ಯಾ ನಳಾ ಬಿಟ್ಟಾಂವ?”

ಕರೆವ್ವನ ಆ ದನಿಗೆ ನಾನು ಓಡಿ ನಳ ಬಂದ್ ಮಾಡಿ, ಒಳಕೋಣೆಯ ಪರದೆಯ ಹಿಂದೆ ಸೇರಿದೆ. “ಯರಗಟ್ಟಿಗೆ ಹೋಗ್ಯಾನ ಅನ್ನು” ಎಂದು ಸಪ್ನಾಳಿಗೆ ಪಿಸುಗುಟ್ಟಿದೆ.

ಕರೆವ್ವ ಬೊಗಸೆಯಲ್ಲಿ ಉಬ್ಬಿದ ಶಾವಿಗೆ ಹಿಡಿದು ಬಂದಳು. “ನೋಡವಾ ಯಶೋಧಾ, ಇನ್ನ ಬೆಲ್ಲ ಹಾಕೂದೊಂದ ಬಾಕಿ. ಎಲ್ಲದಾನ ಗುರುನಾಥ?”

“ನನ್ನ ಕೇಳಬ್ಯಾಡ್ರಿ ಅತ್ತಿ. ಈಗರ ನಾಯಕನ್ನ ತಯಾರ್ ಮಾಡಾಕ ಹತ್ತಿದ್ರು.”

“ಅಪ್ಪ ಯರಗಟ್ಟಿಗೆ ಹೋಗ್ಯಾನ್ರಿ ಅಜ್ಜಿ” ಎಂದಳು ಸಪ್ನಾ.

“ಬರಲಿ, ಕುಂದರತೇನಿ.” ಕರೆವ್ವ ಹೊಸ್ತಿಲ ಬಳಿ ಕುಳಿತೇಬಿಟ್ಟಳು. “ಅಲ್ಲೀತನಾ ನಿನ್ನ ಭಾಷಣರ ಹೇಳ, ಕೇಳೋಣು.”

ಸಪ್ನಾ ಕೈಕಟ್ಟಿ ನಿಂತು ಶುರುಮಾಡಿದಳು. ಧೈರ್ಯ ಬಂತು, ತ್ಯಾಗ ಬಂತು. “ನಾಯಕನಾದವನು...” ಎಂದು ನಿಂತಳು.

ಮೌನ. ಊಟದ ನಡುವೆ ಕಲ್ಲು ಸಿಕ್ಕಂತೆ ಪ್ರಾಂಪ್ಟರನಿಗೆ ಮೌನ. ಹಲ್ಲು ಕಚ್ಚಿದೆ, ಬಾಯಿಗೆ ಕೈ ಒತ್ತಿದೆ. ನಾಲಿಗೆ ಮಾತ್ರ ಉಗರಗೋಳದ ರಂಗಕ್ಕೆ ಆಗಲೇ ಓಡಿಹೋಗಿತ್ತು.

“ಎಂದೂ ಅಡಗಿ ಕೂರುವುದಿಲ್ಲ” ಎಂದಿತು ಪರದೆ. “ಎದೆಯೊಡ್ಡಿ ಮುಂದೆ ಬರುತ್ತಾನೆ.”

ಕರೆವ್ವ ಎದ್ದು ಬಂದು ಪರದೆ ಸರಿಸಿದಳು. “ಬಾರೋ ಎಪ್ಪಾ. ಯರಗಟ್ಟಿ ಭಾಳ ಸನೇಕ ಬಂದೈತಿ.”

ಮಧ್ಯಾಹ್ನವೆಲ್ಲ ಅವಳ ಅಂಗಳದಲ್ಲಿ ನಾನು ಶಾವಿಗೆಯ ಮಷಿನು ತಿರುಗಿಸಿದೆ. ಪಕ್ಕದಲ್ಲಿ ಸಪ್ನಾ ಭಾಷಣವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಆ ಸಾಲೂ ನೀರು ಕುಡಿದಂತೆ ಬಂತು.

“ಈಗ ಬರತೈತಲ್ಲ, ಆಗ ಯಾಕ ನಿಂತಿ?”

“ಮರತಿರಲಿಲ್ಲಪ್ಪಾ,” ಎಂದಳು ಅವಳು, ಹಸಿ ಶಾವಿಗೆಯ ಎಳೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತ. “ಅಲ್ಲಿ ನಿನ್ನ ಎಂಟ್ರಿ ಇತ್ತು.”