ಬೇಡವಾ ಅಂತ ಕೇಳುವ ಮನುಷ್ಯ

ನನ್ನಿಂದ ಮುಚ್ಚಿಟ್ಟ ವಿಷಯ ಉರುಳಿಕೊಂಡು ನನ್ನ ಕಾಲ ಬುಡಕ್ಕೇ ಬರುತ್ತೆ. ಎಪ್ಪತ್ತು ವರ್ಷದಿಂದ ಹೀಗೇ ಆಗ್ತಾ ಇದೆ, ಆದರೂ ಜನಕ್ಕೆ ಬುದ್ಧಿ ಬಂದಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳು ನಾನು, ಆದರೆ ಮುಖ ಓದೋಕೆ ಸ್ಕೂಲು ಬೇಕಾಗಿಲ್ಲ. ಅಮೆರಿಕದಲ್ಲಿ ಆಸ್ಟಿನ್ ಪಕ್ಕದ ನಮ್ಮೂರು ಸೀಡರ್ ಪಾರ್ಕಿನಲ್ಲಿ ಯಾರ ಮುಖ ಯಾಕೆ ಊದಿದೆ ಅಂತ ಅವರ ಮನೆಯವರಿಗಿಂತ ಮುಂಚೆ ನನಗೆ ಗೊತ್ತಿರುತ್ತೆ. ಅಂಥ ನನ್ನನ್ನ ಜಪಾನಿನ ಕೋಬೆ ಅನ್ನೋ ಬಂದರಿನ ಊರಿಗೆ ಕರೆದುಕೊಂಡು ಹೋಗಿ, ಇಬ್ಬರು ಸ್ನೇಹಿತೆಯರು ಸೇರಿ ಕಣ್ಣಿಗೆ ಬಟ್ಟೆ ಕಟ್ಟಿದರು. ಒಬ್ಬಳು ಡಲ್ಲಾಸ್ ಪಕ್ಕದ ಅಲೆನ್‌ನವಳು, ರಿಟೈರ್ ಆದ ಟೀಚರು. ಅಲ್ಲಿ ಯುಗಾದಿ ಊಟಕ್ಕೂ ಸಾಲು ನಿಲ್ಲಿಸಿ ಹಾಜರಿ ತಗೊಳ್ಳುವವಳು. ಇನ್ನೊಬ್ಬಳು ಹ್ಯೂಸ್ಟನ್‌ನವಳು, ಮೂಲ ಧಾರವಾಡ, ಗಂಡ ಹೋಗಿ ಆರು ವರ್ಷ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

೧. ಬಾಯಿಗೆ ಬೀಗ

ಬೆಳಿಗ್ಗೆ ಒಸಾಕಾದಲ್ಲಿ ರೈಲು ಹತ್ತಿದೆವು. ಆರು ವರ್ಷದಿಂದ ಬೂದು ಚೂಡಿದಾರ ಬಿಟ್ಟು ಬೇರೆ ತೊಡದ ಹ್ಯೂಸ್ಟನ್‌ನವಳು ಅವತ್ತು ಇಳಕಲ್ ಸೀರೆ ಉಟ್ಟಿದ್ದಾಳೆ, ಅದೂ ಕೆಂಪು ಸೆರಗಿನದು.

“ಏನೇ ವಿಶೇಷ?” ಅಂದೆ. ಅಲೆನ್‌ನವಳು ತಕ್ಷಣ ತುಟಿಗೆ ಬೆರಳಿಟ್ಟಳು.

“ಅಕ್ಕಾ, ಇಲ್ಲಿ ರೈಲಲ್ಲಿ ಮಾತಾಡಬಾರದು.”

“ಯಾರು ಹಾಗಂದಿದ್ದು?”

“ಯಾರೂ ಅನ್ನಲ್ಲ. ಅದಕ್ಕೇ ಇಷ್ಟು ಸುಮ್ಮನಿದೆ.”

ನೋಡಿದರೆ ಹೌದು, ಬೋಗಿ ತುಂಬ ಜನ, ಒಂದು ಸೊಲ್ಲಿಲ್ಲ. ಸಾವಿನ ಮನೆಯಲ್ಲೂ ಇದಕ್ಕಿಂತ ಜಾಸ್ತಿ ಮಾತಾಡ್ತಾರೆ, ಅದೂ ಸತ್ತವರ ಬಗ್ಗೇನೇ. ಅರ್ಧ ಗಂಟೆ ಆ ಸೀರೆಯ ಪ್ರಶ್ನೆಯನ್ನ ಗಂಟಲಲ್ಲೇ ಇಟ್ಟುಕೊಂಡು ಕೂತೆ. ಇಳಿಯುವಾಗ ಅಲೆನ್‌ನವಳು, “ಎಷ್ಟು ಶಾಂತಿ ಅಲ್ವಾ ಅಕ್ಕಾ” ಅಂದಳು.

“ಶಾಂತಿ ಅಲ್ಲ ಕಣೆ, ಅಜೀರ್ಣ” ಅಂದೆ.

೨. ಗೈಡು

ಕೋಬೆ ಸ್ಟೇಷನ್ನಿನಲ್ಲಿ ಒಬ್ಬರು ಕಾಯ್ತಾ ಇದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಇಸ್ತ್ರಿ ಮಾಡಿದ ಪ್ಯಾಂಟು, ತಲೆಗೆ ಟೋಪಿ. ನಮ್ಮನ್ನ ಕಂಡಿದ್ದೇ ಅಲ್ಲಿನವರ ಹಾಗೆ ಮೂರು ಸಲ ಬಗ್ಗಿದರು.

“ನಮ್ಮ ಗೈಡು. ಮೈಸೂರಿನವರೇ. ನಲವತ್ತು ವರ್ಷದಿಂದ ಇಲ್ಲೇ ಮುತ್ತಿನ ವ್ಯಾಪಾರ” ಅಂತ ಅಲೆನ್‌ನವಳು ಪರಿಚಯ ಮಾಡಿಸಿದಳು.

“ಮುತ್ತು ಮಾರೋರಿಗೆ ಗೈಡ್ ಕೆಲಸ ಯಾಕೆ?”

“ಹವ್ಯಾಸ ಅಕ್ಕಾ.”

ಗೈಡ್ ಅಂದಮೇಲೆ ಗೈಡು. ನನ್ನ ಬ್ಯಾಗು, ಶಾಲು, ಮಂಡಿಗೆ ಹಚ್ಚೋ ಎಣ್ಣೆ, ಎಲ್ಲ ಅವರ ಕೈಗೆ ಕೊಟ್ಟೆ. ಸಮುದ್ರದ ಪಕ್ಕ ಒಂದು ಕೆಂಪು ಗೋಪುರ ತೋರಿಸಿದರು, ನಡು ಸಣ್ಣ, ಮೇಲೆ ಕೆಳಗೆ ಅಗಲ, ಬುಡಬುಡಿಕೆಯನ್ನ ನೆಟ್ಟಗೆ ನಿಲ್ಲಿಸಿದ ಹಾಗೆ. ಅಲ್ಲಿತನಕ ನಡೆದೇ ಹೋಗಬೇಕು. ಸೀಡರ್ ಪಾರ್ಕಿನಲ್ಲಿ ಹಾಲು ತರೋಕೂ ಕಾರು ಹತ್ತೋ ಕಾಲು ಇವು.

ಆ ಮನುಷ್ಯ ಹತ್ತು ಹೆಜ್ಜೆಗೊಮ್ಮೆ ತಿರುಗಿ, “ನೀರು ಬೇಡವಾ? ಕೂತ್ಕೊಳ್ಳೋದು ಬೇಡವಾ? ಐಸ್ ಕ್ರೀಮ್ ಬೇಡವಾ?” ಅಂತ ಕೇಳ್ತಾರೆ.

‘ಊಟ ಮುಗಿಸಿಕೊಂಡೇ ಬಂದಿರ್ತೀರ’ ಅಂತ ಬಾಗಿಲಲ್ಲೇ ಹೇಳುವ ಜಿಪುಣರನ್ನ ಕಂಡಿದ್ದೇನೆ. ಇವರು ಅವರಿಗೆಲ್ಲ ಗುರು. “ನಮಗೆ ಬೇಡ ಅಂತ ನೀವೇ ತೀರ್ಮಾನ ಮಾಡಿದಮೇಲೆ ಕೇಳೋ ಶಾಸ್ತ್ರ ಯಾಕ್ರೀ?” ಅಂದೆ. ಅದಕ್ಕೂ ಬಗ್ಗಿದರು. ಬೈದರೆ ಬಗ್ಗುವವರ ಜೊತೆ ಜಗಳ ಆಡೋದು ಒಂದೇ, ಒಗೆದ ಬಟ್ಟೆಯನ್ನ ಮತ್ತೆ ಒಗೆಯೋದು ಒಂದೇ.

೩. ಸಕ್ಕರೆ

ಮಧ್ಯಾಹ್ನ ಒಂದು ಕಾಫಿ ಅಂಗಡಿಗೆ ಹೋದೆವು. ನಾಲ್ಕು ಕಪ್ಪು ಬಂತು. ಗೈಡು ಹ್ಯೂಸ್ಟನ್‌ನವಳ ಮುಂದಿದ್ದ ಸಕ್ಕರೆ ಬಟ್ಟಲನ್ನ ಆಚೆ ಸರಿಸಿದರು. ಅವಳ ಕಪ್ಪಿಗೆ ಎರಡೇ ಎರಡು ತೊಟ್ಟು ಹಾಲು ಹಾಕಿ ನಿಲ್ಲಿಸಿದರು. ಅವಳು ‘ಸಾಕು’ ಅನ್ನಲಿಲ್ಲ, ಅನ್ನೋ ಅಗತ್ಯವೇ ಬೀಳಲಿಲ್ಲ.

ಹದಿನೈದು ವರ್ಷದ ಸ್ನೇಹಿತೆ ನಾನು. ಇವಳಿಗೆ ಎರಡು ತೊಟ್ಟು ಅಂತ ನನಗೇ ಗೊತ್ತಿಲ್ಲ.

“ನಿಮಗೆ ಹೇಗೆ ಗೊತ್ತಾಯ್ತು?” ಅಂತ ಕೇಳಿದೆ.

“ಊಹೆ ಮಾಡಿರಬೇಕ್ರಿ ಅಕ್ಕಾ” ಅಂದಳು ಇವಳು. ಮುಖ ಸೀರೆ ಸೆರಗಿನ ಬಣ್ಣಕ್ಕೆ ತಿರುಗಿತ್ತು.

“ಹಾಗಾದರೆ ನನಗೆಷ್ಟು ಚಮಚ ಅಂತಲೂ ಊಹೆ ಮಾಡಲಿ.”

ಅವರು ತುಂಬ ಯೋಚನೆ ಮಾಡಿ, “ನಿಮಗೆ... ಸಕ್ಕರೆ ಬೇಡವಾ?” ಅಂದರು.

೪. ಗುಂಡಿ

ಅಲೆನ್‌ನವಳು ಟಾಯ್ಲೆಟ್ಟಿಗೆ ಎದ್ದಳು. ನಾನೂ ಬೆನ್ನು ಹತ್ತಿ ಪಕ್ಕದ್ದಕ್ಕೆ ನುಗ್ಗಿದೆ. ಅಲ್ಲಿ ಗೋಡೆಗೆ ಒಂದು ಗುಂಡಿ ಇರುತ್ತೆ. ಒತ್ತಿದರೆ ನೀರು ಹರಿದ ಹಾಗೆ ಜೋರಾಗಿ ಸದ್ದು ಬರುತ್ತೆ, ಒಳಗಿನ ಸದ್ದು ಆಚೆಗೆ ಕೇಳದಿರಲಿ ಅಂತ.

“ನಿಜ ಹೇಳು, ಆ ಮನುಷ್ಯ ಗೈಡಾ?” ಆ ಕಡೆಯಿಂದ ಜುಳುಜುಳು.

“ಅವರಿಬ್ಬರಿಗೂ ಎಷ್ಟು ದಿನದಿಂದ ಪರಿಚಯ?” ಜುಳುಜುಳು.

ಹೊರಗೆ ಬಂದು ಅವಳ ಬಾಗಿಲಿಗೇ ಅಡ್ಡ ನಿಂತೆ. ಬೇರೆ ದಾರಿ ಇಲ್ಲದೆ ಅರ್ಧ ಬಾಗಿಲು ತೆಗೆದು ಎಲ್ಲ ಕಕ್ಕಿದಳು. ಫೋನಿನಲ್ಲಿ ನಡೆಯೋ ದೇವರನಾಮದ ಕ್ಲಾಸಿನಲ್ಲಿ ಎರಡು ವರ್ಷದ ಕೆಳಗೆ ಪರಿಚಯವಂತೆ. ಅವರ ಹೆಂಡತಿಯೂ ತೀರಿಕೊಂಡಿದ್ದಾರಂತೆ. ದೇವರನಾಮ ಮುಗಿದ ಮೇಲೂ ದಿನಾ ಮಾತು ನಡೀತಾ ಬಂತಂತೆ. ನಾಳೆ ನಮಗೆ ವಾಪಸ್ ವಿಮಾನ, ಇವತ್ತು ಸಂಜೆ ದೋಣಿಯಲ್ಲಿ ಅವರು ಮದುವೆ ಮಾತು ಎತ್ತುತ್ತಾರಂತೆ.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಅವರು ಕೇಳೋಕೆ ಮುಂಚೆ ನೀವು ಆಸ್ಟಿನ್‌ನಲ್ಲಿ ಹೋಳಿಗೆ ಹಂಚಿರ್ತಿದ್ರು. ಅವಳ ಮಗಳಿಗೇ ಇನ್ನೂ ಗೊತ್ತಿಲ್ಲ ಅಕ್ಕಾ. ಅವರು ಬಾಯಿಬಿಟ್ಟು ಕೇಳದೇ ಹೋದರೆ ಇವಳು ಯಾವ ಮುಖ ಹೊತ್ತುಕೊಂಡು ಹ್ಯೂಸ್ಟನ್ನಿಗೆ ಹೋಗಬೇಕು?”

ಬೈಯೋಕೆ ಬಾಯಿ ತೆಗೆದೆ. ಅವಳು ಕೈ ಹಿಂದಕ್ಕೆ ಚಾಚಿ ಗುಂಡಿ ಒತ್ತಿದಳು.

೫. ಹೂಂ

ದೋಣಿಯಲ್ಲಿ ಅವರಿಬ್ಬರನ್ನ ಮುಂದೆ ಕೂರಿಸಿ ನಾವು ಹಿಂದೆ ಕೂತೆವು. ಗಾಳಿ ಅವರ ಮಾತನ್ನ ನಮ್ಮ ಕಡೆಗೇ ತರ್ತಾ ಇತ್ತು, ದೇವರಿದ್ದಾನೆ. ಬಂದರನ್ನ ಒಂದು ಸುತ್ತು ಹಾಕೋ ತನಕ ಆ ಮನುಷ್ಯ ಹಡಗು, ಕ್ರೇನು, ಬೆಟ್ಟ ಅಂತ ತೋರಿಸಿದ್ದೇ ತೋರಿಸಿದ್ದು. ದೋಣಿ ದಡಕ್ಕೆ ತಾಗುವ ಹೊತ್ತಿಗೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, “ನಾನು ನಿಮಗೆ ಬೇಡವಾ?” ಅಂದರು.

ಇವಳು ತಲೆ ತಗ್ಗಿಸಿ, “ಹೂಂ ರೀ” ಅಂದಳು.

ಅವರು ಎದ್ದು ನಿಂತು ಒಮ್ಮೆ ಬಗ್ಗಿ, ಇಳಿದು ಹೋಗೇಬಿಟ್ಟರು.

ಇವಳು ನಗ್ತಾ ನಮ್ಮ ಹತ್ತಿರ ಬಂದಳು. “ಎಲ್ಲಿ ಹೋದ್ರು? ಹೂ ತರಲಿಕ್ಕೇನು?”

“ನೀನು ಏನಂದೆ ಅವರಿಗೆ?” ಅಂದೆ, ನನ್ನ ಕಿವಿಯನ್ನೇ ನಂಬದೆ.

“ಹೂಂ ಅಂದೇನ್ರಿ. ಒಪ್ಪಿದಾಕಿ ಮತ್ತೇನ ಅನ್ನಬೇಕಿತ್ತು?”

“ಬೇಡವಾ ಅಂದ್ರೆ ಹೂಂ ಅಂದಿದ್ದೀಯಲ್ಲ, ಹಾಗಂದ್ರೆ ಬೇಡ ಅಂತ ಕಣೆ.”

ಅವಳ ನಗು ಅಲ್ಲೇ ನಿಂತುಹೋಯಿತು. ಮೂಗಿನ ತುದಿ ನಡುಗೋಕೆ ಶುರುವಾಯಿತು. ಅದನ್ನ ನೋಡೋಕಾಗದೆ ಈ ಮಂಡಿ ಎಳೆದುಕೊಂಡು ಓಡಿದೆ. ಮುಂದಿನ ದೋಣಿಗೆ ನಿಂತವರ ಸಾಲು ದಾಟಿ ಆ ಮನುಷ್ಯ ಟ್ಯಾಕ್ಸಿಗೆ ಕೈ ತೋರಿಸ್ತಾ ಇದ್ದರು. ತೋಳು ಹಿಡಿದು ತಿರುಗಿಸಿದೆ.

“ಅವಳು ಒಪ್ಪಿದ್ದಾಳೆ. ನೆಟ್ಟಗೆ ‘ಬೇಕಾ’ ಅಂತ ಕೇಳೋಕೆ ನಿಮಗೇನ್ ರೋಗ?”

“ಇಲ್ಲಿ ಆ ಮಾತು ಆಡೋ ಹಾಗಿಲ್ಲ ಅಮ್ಮಾ” ಅಂದರು, ಅಳುಮುಖದಲ್ಲಿ. “ಇವರ ಕಿವಿಗೆ ಅದು ‘ಬಾಕಾ’ ಅಂತ ಕೇಳುತ್ತೆ. ಬಾಕಾ ಅಂದ್ರೆ ಮುಠ್ಠಾಳ. ಬಂದ ಹೊಸದರಲ್ಲಿ ಅಂಗಡಿಯಲ್ಲಿ ನನ್ನ ಹೆಂಡತಿಗೆ ‘ಟೀ ಬೇಕಾ’ ಅಂತ ಕೂಗಿದೆ, ಮುತ್ತು ನೋಡ್ತಿದ್ದ ಗಿರಾಕಿ ಎದ್ದು ಹೋದರು. ಅವತ್ತಿಂದ ಎಲ್ಲದಕ್ಕೂ ಬೇಡವಾ ಅಂತಲೇ ಕೇಳಿ ಅಭ್ಯಾಸ.”

“ಅವರೆಲ್ಲ ಇವತ್ತೊಂದಿನ ಬೈಸ್ಕೊಳ್ಳಲಿ. ಕೇಳಿ.”

ಸಾಲಿನ ಆಚೆ ಬದಿಗೆ ಹ್ಯೂಸ್ಟನ್‌ನವಳು ಬಂದು ನಿಂತಿದ್ದಳು. ನಡುವೆ ಇಪ್ಪತ್ತು ಜನ. ಆ ಮನುಷ್ಯ ಕಣ್ಣು ಮುಚ್ಚಿಕೊಂಡು, ಬಂದರಿಗೆಲ್ಲ ಕೇಳುವ ಹಾಗೆ ಕೂಗಿದರು, “ಬೇಕಾ?”

ಇಪ್ಪತ್ತು ತಲೆಯೂ ತಿರುಗಿದವು.

“ಬೇಕ್ರೀ” ಅಂದಳು ಇವಳು.

ಸಾಲಲ್ಲಿದ್ದ ಒಬ್ಬ ಮುದುಕಪ್ಪ, ದಾರಿಗೆ ಅಡ್ಡ ನಿಂತಿದ್ದಕ್ಕೆ ತನಗೇ ಬೈದರು ಅಂದುಕೊಂಡರೋ ಏನೋ, ಬಗ್ಗಿ ಕ್ಷಮೆ ಕೇಳಿ ಪಕ್ಕಕ್ಕೆ ಸರಿದರು. ನಮ್ಮವರು ಜೀವವೇ ಹೋದಂತಾಗಿ ಅವರಿಗೆ ಬಗ್ಗಿದರು. ಅವರು ತಿರುಗಿ ಬಗ್ಗಿದರು. ಇವರು ಇನ್ನೂ ಕೆಳಗೆ ಬಗ್ಗಿದರು. ಒಪ್ಪಿದ ಹೆಣ್ಣು ಕೈ ಚಾಚಿಕೊಂಡು ನಿಂತೇ ಇದ್ದಾಳೆ, ಇವರದು ಮುಗೀತಾನೇ ಇಲ್ಲ. ಕಡೆಗೆ ನಾನೇ ಹೋಗಿ ನಮ್ಮವರ ಕಾಲರ್ ಹಿಡಿದು ಎತ್ತಿದೆ.

“ಸಾಕು, ಸೊಂಟ ಸ್ವಲ್ಪ ಉಳಿಸಿಕೊಳ್ಳಿ. ಬಗ್ಗೋ ಕೆಲಸ ನಿಮಗೆ ಇನ್ನು ಮೇಲೆ ಶುರು.”